ಮರುಕದ ಜೊತೆಗೆ ಒಂದು ಕಸುಬೂ ಇರಲಿ



ಗಾಜಾದ ಸುದ್ದಿ, ಸುಡಾನಿನ ಸುದ್ದಿ ನೋಡಿದ ರಾತ್ರಿ ನಿದ್ದೆ ಹತ್ತುವುದಿಲ್ಲ, ನಾವೂ ಹೋಗಿ ಏನಾದರೂ ಮಾಡಬೇಕು ಅನ್ನಿಸುತ್ತದೆ ಎಂದು ನಿಮ್ಮಲ್ಲಿ ಹಲವರು ನನ್ನ ಬಳಿ ಹೇಳಿಕೊಂಡಿದ್ದೀರಿ. ಈ ಸಂಕಟವನ್ನು ಯಾರು ಏನೇ ಅಂದರೂ ಬಿಟ್ಟುಕೊಡಬೇಡಿ. ‘ಊರ ಉಸಾಬರಿ ನಿನಗ್ಯಾಕೆ’ ಎನ್ನುವವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಗುರುತು ಪರಿಚಯವಿಲ್ಲದ ಮಗುವಿನ ಹಸಿವಿಗೆ ನಿಮ್ಮ ಕರುಳು ಚುರ್ರೆನ್ನುತ್ತದೆ ಎಂದರೆ ನಿಮ್ಮನ್ನು ಹೆತ್ತವರು ಚೆನ್ನಾಗಿ ಬೆಳೆಸಿದ್ದಾರೆ ಎಂದೇ ಅರ್ಥ.

ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಕೆಲಸದಲ್ಲೇ ತಲೆ ನರೆತ ನನಗೆ ನಿಮಗೆ ಹೇಳಲೇಬೇಕಾದ ಮಾತೊಂದಿದೆ. ಮರುಕ ನಿಮ್ಮನ್ನು ಮನೆಯಿಂದ ಹೊರಡಿಸುತ್ತದೆ. ಅಲ್ಲಿ ಹೋಗಿ ನಿಂತ ಮೇಲೆ ಉಪಯೋಗಕ್ಕೆ ಬರುವುದು ನೀವು ಕಲಿತ ಕಸುಬು, ಮತ್ತು ಆ ಕಸುಬನ್ನು ಅಲ್ಲಿಯವರ ಕೈಗೆ ಒಪ್ಪಿಸಿ ಬರುವ ಮನಸ್ಸು.

1971ನ್ನು ನೆನೆಯಿರಿ. ಬಾಂಗ್ಲಾ ವಿಮೋಚನಾ ಯುದ್ಧದ ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಪಶ್ಚಿಮ ಬಂಗಾಳದ ಗಡಿಪಟ್ಟಣ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಆಸ್ಪತ್ರೆಯಲ್ಲಿ ಜಾಗ ಸಾಲದೆ ರೋಗಿಗಳು ನೆಲದ ಮೇಲೆ, ವಾಂತಿಭೇದಿಯ ನಡುವೆಯೇ ಮಲಗಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂದಿತ್ತು. ಅದನ್ನು ಏರಿಸಬಲ್ಲ ಕೈಗಳೂ ಸಾಲುತ್ತಿರಲಿಲ್ಲ. ಕಲ್ಕತ್ತದಿಂದ ಬಂದಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಅಡುಗೆ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಮೂರನ್ನೂ ತೂಕದ ಪ್ರಕಾರ ನೀರಿಗೆ ಬೆರೆಸಿದರು. ನಲ್ಲಿ ಕೂರಿಸಿದ ಡ್ರಮ್ಮುಗಳಲ್ಲಿ ಅದನ್ನು ತುಂಬಿಸಿ, ರೋಗಿಗಳ ಕಡೆಯವರ ಕೈಗೇ ಲೋಟ ಕೊಟ್ಟರು, ಕುಡಿಸುತ್ತಲೇ ಇರಿ ಎಂದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು 3.6ಕ್ಕೆ ಇಳಿಯಿತು. ಇಂದು ಔಷಧಿ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಜಗತ್ತು ನಂಬಿದ್ದು ಆ ಶಿಬಿರದ ಅನುಭವದ ಬಲದಿಂದ.

ಮಹಲನಬಿಸ್ ಅವರಿಗೆ ಆ ಧೈರ್ಯ ಬಂದದ್ದು ಎಲ್ಲಿಂದ? ಬನಗಾಂವ್‌ಗೆ ಹೋಗುವ ಮುಂಚೆ ಅವರು ಕಲ್ಕತ್ತದ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಇದೇ ವಿಷಯದ ಮೇಲೆ ದುಡಿದಿದ್ದರು. ಢಾಕಾದಲ್ಲಿ 1968ರಲ್ಲಿ ಇಂಥದೇ ದ್ರಾವಣದ ಪ್ರಯೋಗ ಗೆದ್ದಿದ್ದು ಅವರಿಗೆ ಗೊತ್ತಿತ್ತು. ಕರುಣೆ ಆ ಹೊತ್ತು ಶಿಬಿರದಲ್ಲಿದ್ದ ಎಲ್ಲರಲ್ಲೂ ಇತ್ತು. ಯಾವುದನ್ನು ಎಷ್ಟು ಬೆರೆಸಬೇಕು ಎಂಬ ಲೆಕ್ಕ ಮಹಲನಬಿಸ್ ಅವರ ಬಳಿ ಇತ್ತು. ಜೀವ ಉಳಿಸಿದ್ದು ಎರಡೂ ಸೇರಿ.

ಆದ್ದರಿಂದ ನನ್ನ ಮೊದಲ ಮಾತು: ಹೊರಡುವ ಮುಂಚೆ ಏನಾದರೊಂದನ್ನು ಚೆನ್ನಾಗಿ ಕಲಿಯಿರಿ. ಡಾಕ್ಟರೇ ಆಗಬೇಕೆಂದಿಲ್ಲ. ಒಂದು ಶಿಬಿರದ ದಿನಚರಿಯನ್ನು ಯೋಚಿಸಿ ನೋಡಿ. 1994ರಲ್ಲಿ ರುವಾಂಡಾದಿಂದ ಗಡಿಯಾಚೆಯ ಗೋಮಾ ಪಟ್ಟಣಕ್ಕೆ ಓಡಿಬಂದ ನಿರಾಶ್ರಿತರಲ್ಲಿ ಸುಮಾರು 50,000 ಜನ ಒಂದೇ ತಿಂಗಳಲ್ಲಿ ಸತ್ತರು, ಬಹುಪಾಲು ಕಾಲರಾ ಮತ್ತು ರಕ್ತಭೇದಿಯಿಂದ. ಆ ಆಘಾತದ ನಂತರ ಪರಿಹಾರ ಸಂಸ್ಥೆಗಳು ಒಟ್ಟು ಕೂತು, 1997ರಿಂದ, ಸ್ಫಿಯರ್ ಎಂಬ ಕೈಪಿಡಿ ರೂಪಿಸಿದವು. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 250 ಜನಕ್ಕೊಂದು ನಲ್ಲಿ, 20 ಜನಕ್ಕೊಂದು ಶೌಚಾಲಯ ಎಂದು ಅದು ಹೇಳುತ್ತದೆ. ಇಪ್ಪತ್ತು ಸಾವಿರ ಜನರ ಶಿಬಿರಕ್ಕೆ ಲೆಕ್ಕ ಹಾಕಿ. ದಿನಕ್ಕೆ ಮೂರು ಲಕ್ಷ ಲೀಟರ್ ನೀರು, ಅಂದರೆ ಹತ್ತು ಸಾವಿರ ಲೀಟರಿನ ಟ್ಯಾಂಕರ್ ಮೂವತ್ತು ಸಲ ಬರಬೇಕು. ಎಂಬತ್ತು ನಲ್ಲಿ, ಒಂದು ಸಾವಿರ ಶೌಚಾಲಯ ಬೇಕು. ಆ ಟ್ಯಾಂಕರಿಗೆ ಡೀಸೆಲ್ ತರಿಸುವವರು ಯಾರು? ಕ್ಲೋರಿನ್ ಎಷ್ಟು ಹಾಕಬೇಕೆಂದು ಅಳೆಯುವವರು? ಗೋದಾಮಿನ ಲೆಕ್ಕ ಬರೆಯುವವರು? ಹೆಂಗಸರು ರಾತ್ರಿ ಹೆದರದೆ ಹೋಗಿ ಬರುವಂತೆ ಶೌಚಾಲಯವನ್ನು ಎಲ್ಲಿ ಕಟ್ಟಬೇಕೆಂದು ಅವರನ್ನೇ ಕೇಳಿ ತಿಳಿಯುವವರು? ನರ್ಸಿಂಗ್ ಓದಿದವರು, ಸಿವಿಲ್ ಡಿಪ್ಲೊಮಾ ಮಾಡಿದವರು, ಬಿ.ಕಾಂ. ಮುಗಿಸಿದವರು, ಡೀಸೆಲ್ ಮೆಕ್ಯಾನಿಕ್ಕುಗಳು, ಎಲ್ಲರಿಗೂ ಅಲ್ಲಿ ಕೈತುಂಬ ಕೆಲಸವಿದೆ. ಏನೂ ಬಾರದವರು ಹೋದರೆ ಆ ಮೂವತ್ತು ಟ್ಯಾಂಕರಿನಲ್ಲಿ ಅವರಿಗೂ ಒಂದು ಪಾಲು ನೀರು ತೆಗೆದಿಡಬೇಕಾಗುತ್ತದೆ.

ಕಲಿಯದೆ, ಎಚ್ಚರವಿಲ್ಲದೆ ಹೋದವರಿಂದ ಕೆಡುಕೂ ಆಗುತ್ತದೆ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ನೆರವಿಗೆ ಜಗತ್ತೇ ಧಾವಿಸಿತು. ಅದೇ ಅಕ್ಟೋಬರಿನಲ್ಲಿ ಆ ದೇಶದಲ್ಲಿ ಕಾಲರಾ ಕಾಣಿಸಿಕೊಂಡಿತು. ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಅಲ್ಲಿ ಕಾಲರಾ ಬಂದ ದಾಖಲೆಯೇ ಇರಲಿಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವೊಂದರ ಮಲಿನ ನೀರು ಆರ್ತಿಬೊನಿತ್ ನದಿಯ ಉಪನದಿಗೆ ಸೇರಿದ್ದೇ ಮೂಲ ಎಂದು ತನಿಖೆಗಳು ತೋರಿಸಿದವು. ಸುಮಾರು ಹತ್ತು ಸಾವಿರ ಜನ ಸತ್ತರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ.

ಬಾಂಗ್ಲಾದೇಶದ ಕೊಳವೆಬಾವಿಗಳ ಕಥೆಯೂ ಅಷ್ಟೇ ನೋವಿನದು. ಕೆರೆಕುಂಟೆಯ ನೀರಿನಿಂದ ಮಕ್ಕಳು ಭೇದಿಯಾಗಿ ಸಾಯುತ್ತಿದ್ದರು. 1970ರ ದಶಕದಿಂದ ಅಲ್ಲಿ ಲಕ್ಷಗಟ್ಟಲೆ ಕೊಳವೆಬಾವಿ ಕೊರೆದರು. ಕೊರೆಸಿದವರ ಉದ್ದೇಶ ಒಳ್ಳೆಯದೇ ಇತ್ತು. ಆದರೆ ಆ ನೀರಿನಲ್ಲಿ ಆರ್ಸೆನಿಕ್ ಇದೆಯೇ ಎಂದು ಆಗ ಪರೀಕ್ಷಿಸುವ ವಾಡಿಕೆ ಇರಲಿಲ್ಲ. 1990ರ ದಶಕದಲ್ಲಿ ವಿಷ ಪತ್ತೆಯಾಗುವ ಹೊತ್ತಿಗೆ ಕೋಟ್ಯಂತರ ಜನ ಅದನ್ನೇ ಕುಡಿಯುತ್ತಿದ್ದರು. ಒಳ್ಳೆಯ ಮನಸ್ಸಿದೆ ಎಂಬ ಕಾರಣಕ್ಕೆ ನಿಮ್ಮ ಕೆಲಸವನ್ನು ಪರೀಕ್ಷೆಗೆ ಒಡ್ಡದೆ ಇರಬೇಡಿ. ಕಟ್ಟಿದ್ದನ್ನು ಮತ್ತೆ ಮತ್ತೆ ಹೋಗಿ ನೋಡಿ, ಅಳೆಯಿರಿ, ತಪ್ಪಿದ್ದರೆ ಮೊದಲು ನೀವೇ ಹೇಳಿ.

ಎರಡನೆಯ ಮಾತು: ಕಲಿತದ್ದನ್ನು ಕೊಟ್ಟು ಬರುವುದು ಹೇಗೆಂದು ಕಲಿಯಿರಿ. ಫಜ್ಲೆ ಹಸನ್ ಅಬೇದ್ ಎಂಬವರು ಚಿತ್ತಗಾಂಗಿನಲ್ಲಿ ಶೆಲ್ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದರು. 1970ರ ಚಂಡಮಾರುತ, ಮರುವರ್ಷದ ಯುದ್ಧ ನೋಡಿದ ಮೇಲೆ ಆ ಹುದ್ದೆ ಬಿಟ್ಟು 1972ರಲ್ಲಿ ಸುಲ್ಲಾ ಎಂಬ ಹಿಂದುಳಿದ ಪ್ರದೇಶದಲ್ಲಿ ಬ್ರ್ಯಾಕ್ ಸಂಸ್ಥೆ ಕಟ್ಟಿದರು. ಓಆರ್‌ಎಸ್ ಪೊಟ್ಟಣ ಪ್ರತಿ ಮನೆಗೂ ಮುಟ್ಟುವ ಕಾಲ ಅದಾಗಿರಲಿಲ್ಲ. ಹಾಗಾಗಿ 1980ರಿಂದ ಬ್ರ್ಯಾಕ್ ಸಂಸ್ಥೆಯ ತರುಣಿಯರು ಮನೆಮನೆಗೆ ಹೋಗಿ, ಭೇದಿಯಾದ ಮಕ್ಕಳಿಗೆ ಕುಡಿಸಲು ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ತಾಯಂದಿರಿಗೆ ಕಲಿಸಿದರು. ಹೇಳಿ ಬಂದರೆ ಸಾಲದು, ತಾಯಿಯೇ ಅವರೆದುರು ಮಾಡಿ ತೋರಿಸಬೇಕಿತ್ತು. ಕೆಲವು ದಿನಗಳ ಮೇಲೆ ಬೇರೊಬ್ಬರು ಹೋಗಿ, ಆ ತಾಯಿಗೆ ಎಷ್ಟು ನೆನಪಿದೆ, ಬೆರೆಸಿದ್ದು ಸರಿಯಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಕಲಿಸಿದವಳ ಸಂಬಳ ನಿಂತಿದ್ದು ಆ ತಾಯಿಯ ನೆನಪಿನ ಮೇಲೆ.

ಮೊದಮೊದಲು ತಾಯಂದಿರು ಕಲಿತರೂ ಬಳಸಲಿಲ್ಲ. ಏಕೆಂದು ಹುಡುಕಿದಾಗ, ಕಲಿಸುವವರಿಗೇ ಅದರ ಮೇಲೆ ಪೂರ್ತಿ ನಂಬಿಕೆ ಇಲ್ಲವೆಂದು ತಿಳಿಯಿತು. ಮನೆಯ ಗಂಡಸರನ್ನು ಮಾತಾಡಿಸದೆ ಬಿಟ್ಟದ್ದೂ ಒಂದು ಕಾರಣವಾಗಿತ್ತು. ಸಂಸ್ಥೆ ಎರಡನ್ನೂ ತಿದ್ದಿಕೊಂಡಿತು. ಸಂತೆಯಲ್ಲಿ, ಮಸೀದಿಯಲ್ಲಿ ಗಂಡಸರಿಗೂ ಹೇಳಿದರು. ಹತ್ತು ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಈ ತಿಳಿವಳಿಕೆ ತಲುಪಿತು. ಇವತ್ತು ಬ್ರ್ಯಾಕ್ ಬಾಗಿಲು ಹಾಕಿದರೂ ಬಾಂಗ್ಲಾದೇಶದ ಅಜ್ಜಿಯರು ಮೊಮ್ಮಕ್ಕಳಿಗೆ ಆ ನೀರು ಕುಡಿಸುತ್ತಾರೆ. ನೀವು ಯಾವ ಸಂಸ್ಥೆಗೆ ಸೇರಿದರೂ ಮೊದಲ ದಿನವೇ ಕೇಳಿ: ನಾವು ಹೊರಟುಹೋದ ಮೇಲೆ ಇಲ್ಲಿ ಏನು ಉಳಿಯುತ್ತದೆ?

ಇದನ್ನು ನಮ್ಮ ಕಡೆಯ ಬೋರಿಂಗಿನಲ್ಲೇ ನೋಡಬಹುದು. ನಮ್ಮ ಹಳ್ಳಿಗಳಲ್ಲಿ ನಿಂತಿರುವ ಆ ಕೈಪಂಪಿಗೆ ಇಂಡಿಯಾ ಮಾರ್ಕ್ ಟು ಎಂದು ಹೆಸರು. ನೆರೆಯ ಸೊಲ್ಲಾಪುರದಲ್ಲಿ ಬಳಕೆಯಲ್ಲಿದ್ದ ಪಂಪನ್ನು ಸುಧಾರಿಸಿ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪಿಸಿದ್ದು. ಉಗಾಂಡಾದಲ್ಲಿ ಅದೇ ಯು-ಟು ಎಂಬ ಹೆಸರಿನಿಂದ ನಿಂತಿದೆ. ಗಟ್ಟಿ ಯಂತ್ರ. ಆದರೆ ಒಳಗಿನ ಸಿಲಿಂಡರಿನಲ್ಲಿ ಅಂಗೈಯಲ್ಲಿ ಹಿಡಿಸುವ ವಾಷರ್ ಇದೆ, ಅದು ಸವೆದರೆ ಎಷ್ಟು ಹೊಡೆದರೂ ನೀರು ಮೇಲೇರದು. ಅದನ್ನು ಬದಲಿಸಲು ಅಷ್ಟೂ ಪೈಪುಗಳನ್ನು ಒಂದೊಂದಾಗಿ ಎತ್ತಿ ಬಿಚ್ಚಬೇಕು, ಅದಕ್ಕೆ ತಾಲ್ಲೂಕಿನಿಂದ ಸಾಮಾನು, ಜನ ಬರಬೇಕು. ಬಿರುಬೇಸಿಗೆಯಲ್ಲಿ ರಾಯಚೂರು ಕಡೆಯ ಹಳ್ಳಿಗಳಲ್ಲಿ, ಬೋರಿನಲ್ಲಿ ನೀರಿದ್ದೂ ಹೆಣ್ಣುಮಕ್ಕಳು ಖಾಲಿ ಕೊಡ ಹೊತ್ತು ಮೈಲಿಗಟ್ಟಲೆ ನಡೆದದ್ದನ್ನು ಕಂಡಿದ್ದೇನೆ. ಕೆಟ್ಟಿದ್ದು ಆ ವಾಷರ್ ಒಂದೇ. ಇಂಥ ಅನುಭವಗಳಿಂದಲೇ ಮಾರ್ಕ್ ತ್ರೀ ಬಂತು. ಅದರಲ್ಲಿ ಪೈಪು ಎತ್ತದೆ ಪಿಸ್ಟನ್ನನ್ನಷ್ಟೇ ಮೇಲೆಳೆದು, ಊರವರೇ ವಾಷರ್ ಬದಲಿಸಬಹುದು. ಪಂಪು ನೆಟ್ಟ ದಿನ ಫೋಟೊ ಹಿಡಿಸಿಕೊಳ್ಳುವವರು ಬಹಳ ಜನ. ಐದು ವರ್ಷದ ಮೇಲೆ ಅದು ನೀರು ಕೊಡುತ್ತಿದೆಯೇ ಎಂದು ನೋಡಲು ಹೋಗುವವರು ನೀವಾಗಿ.

ಮೂರನೆಯದು: ಹೋದಲ್ಲಿಯ ಭಾಷೆ ಕಲಿಯಿರಿ. ಸೊಲ್ಲಾಪುರದವರೇ ಆದ ಡಾ. ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ, ಇನ್ನೂ ಇಪ್ಪತ್ತೆಂಟು ತುಂಬದ ಹುಡುಗ, ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಐವರು ವೈದ್ಯರ ತಂಡದಲ್ಲಿ ಹೋದರು. ಉಳಿದ ನಾಲ್ವರು ಹಿಂದಿರುಗಿದರೂ ಅವರು ಅಲ್ಲೇ ನಿಂತರು. ಚೀನೀ ಭಾಷೆ ಕಲಿತು ಅದರಲ್ಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1942ರ ಡಿಸೆಂಬರಿನಲ್ಲಿ ಮೂವತ್ತೆರಡನೆಯ ವಯಸ್ಸಿಗೆ ತೀರಿಕೊಂಡರು. ಚೀನಾದ ಜನ ಇಂದಿಗೂ ಅವರನ್ನು ನೆನೆಯುತ್ತಾರೆ. ದುಭಾಷಿಯ ಮೂಲಕ ಕೇಳಿದಾಗ ‘ಹೊಟ್ಟೆನೋವು’ ಎನ್ನುವಷ್ಟು ತಿಳಿಯುತ್ತದೆ. ಮೂರು ದಿನದಿಂದ ಒಲೆ ಹಚ್ಚಿಲ್ಲ ಎಂಬುದನ್ನು ಜನ ತಮ್ಮ ಮಾತು ಬಲ್ಲವರ ಬಳಿ ಮಾತ್ರ ಹೇಳಿಕೊಳ್ಳುತ್ತಾರೆ. ಆಫ್ರಿಕಾದ ಕನಸಿದ್ದರೆ ಫ್ರೆಂಚ್ ಅಥವಾ ಸ್ವಾಹಿಲಿ, ಪಶ್ಚಿಮ ಏಷ್ಯಾದ ಕನಸಿದ್ದರೆ ಅರಬ್ಬಿ ಇಂದೇ ಶುರು ಮಾಡಿ.

ಇನ್ನು ಕೆಲವು ಎಚ್ಚರಿಕೆಗಳು. ಹಣ ಕಟ್ಟಿಸಿಕೊಂಡು ಎರಡು ವಾರ ಅನಾಥಾಲಯದಲ್ಲಿ ಸೇವೆ ಮಾಡಿಸುವವರ ಬಳಿಗೆ ಹೋಗಬೇಡಿ. ಕಾಂಬೋಡಿಯಾ, ನೇಪಾಳಗಳಲ್ಲಿ ಇಂಥ ಮನೆಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ಬರುವ ಅತಿಥಿಗಳ ದುಡ್ಡಿಗಾಗಿ ಮಕ್ಕಳನ್ನು ಮನೆಯಿಂದ ಬೇರೆ ಮಾಡಿದ ಪ್ರಕರಣಗಳೂ ಹೊರಬಂದಿವೆ. ಅಳುವ ಮಗುವಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳಬೇಡಿ. ನಿಮ್ಮ ಮನೆಯ ಸಾವಿನಲ್ಲಿ ಹೊರಗಿನವರು ಹಾಗೆ ಮಾಡಿದರೆ ನೀವು ಸಹಿಸುವಿರಾ?

ಅಪಾಯವನ್ನೂ ತಿಳಿದುಕೊಂಡೇ ಹೋಗಿ. 2024ರಲ್ಲಿ ಜಗತ್ತಿನಲ್ಲಿ 380ಕ್ಕೂ ಹೆಚ್ಚು ಪರಿಹಾರ ಕಾರ್ಯಕರ್ತರನ್ನು ಕೊಲ್ಲಲಾಯಿತು. ಅವರಲ್ಲಿ ಬಹುಪಾಲು ಆಯಾ ದೇಶದವರೇ, ಹೊರಗಿಂದ ಬಂದವರು ವಿಮಾನ ಹತ್ತಿದ ಮೇಲೂ ಕೆಲಸ ಮುಂದುವರಿಸಿದವರು. ಅಂಥವರ ಕೈಕೆಳಗೆ ಕೆಲಸ ಮಾಡುವ ಅವಕಾಶ ಸಿಕ್ಕರೆ ಭಾಗ್ಯವೆಂದು ತಿಳಿಯಿರಿ. ಯೋಗ್ಯ ಸಂಬಳ, ವಿಮೆ, ರಜೆ ಕೇಳಲು ಸಂಕೋಚ ಬೇಡ. ಕಂಡದ್ದು ಮನಸ್ಸನ್ನು ಹಿಂಡತೊಡಗಿದರೆ ಬಾಯಿಬಿಟ್ಟು ಹೇಳಿ, ಬೇಕಾದ ಚಿಕಿತ್ಸೆ ಪಡೆಯಿರಿ. ವಾರಕ್ಕೊಮ್ಮೆಯಾದರೂ ಅಮ್ಮನಿಗೆ ಫೋನ್ ಮಾಡಿ.

ಈ ದಾರಿ ಶುರುವಾಗುವುದು ವಿಮಾನ ನಿಲ್ದಾಣದಲ್ಲಲ್ಲ, ನಿಮ್ಮ ಜಿಲ್ಲೆಯಲ್ಲಿ. ಕಾಲೇಜಿನ ಯೂತ್ ರೆಡ್ ಕ್ರಾಸ್ ಸೇರಿ ಪ್ರಥಮ ಚಿಕಿತ್ಸೆ ಕಲಿಯಿರಿ. ಭೀಮೆ, ಕೃಷ್ಣೆ ಉಕ್ಕಿದಾಗ ತೆರೆಯುವ ಗಂಜಿ ಕೇಂದ್ರದಲ್ಲಿ ಅಕ್ಕಿ ಹಂಚುವ ಬದಲು ಅಕ್ಕಿಯ ಲೆಕ್ಕ ಬರೆಯುವ ಕೆಲಸ ಕೇಳಿ ಪಡೆಯಿರಿ. ಟಿಬೆಟಿನ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಗೆ ಹೋಗಿ ಬನ್ನಿ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಮೆಕ್ಕೆಜೋಳ ಬಿತ್ತಿ ಬದುಕು ಕಟ್ಟಿದ ಟಿಬೆಟಿನ ಹಿರಿಯರಿದ್ದರೆ, ಯಾವ ನೆರವು ನಿಜಕ್ಕೂ ಕೈ ಹಿಡಿಯಿತು ಎಂದು ಅವರನ್ನೇ ಕೇಳಿ. ನಿರಾಶ್ರಿತರ ವಿಷಯದಲ್ಲಿ ಅವರಿಗಿಂತ ದೊಡ್ಡ ಗುರುಗಳು ನಿಮಗೆ ಸಿಗಲಾರರು. ಆಮೇಲೆ, ಕೈಗೆ ಕಸುಬು ಬಂದು ನಾಲ್ಕೈದು ವರ್ಷದ ಅನುಭವವಾದ ಮೇಲೆ, ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಗೋ ಗಡಿಗಳಿಲ್ಲದ ವೈದ್ಯರ ಸಂಸ್ಥೆಗೋ ಅರ್ಜಿ ಹಾಕಿ.

ನಿಮ್ಮಲ್ಲಿ ಎಷ್ಟೋ ಜನ ಹೊರದೇಶಕ್ಕೆ ಹೋಗದೆಯೂ ಇರಬಹುದು. ಕಲಿತ ವಿದ್ಯೆ ದೇವದುರ್ಗದಲ್ಲೋ ಹೆಗ್ಗಡದೇವನಕೋಟೆಯಲ್ಲೋ ಬೇಕಾಗಿಬಂದರೆ ಅಲ್ಲೇ ನಿಲ್ಲಿ, ಅದು ಯಾವ ರೀತಿಯಲ್ಲೂ ಕಡಿಮೆಯ ಸೇವೆಯಲ್ಲ. ಹೋಗುವವರು ನಿಶ್ಚಿಂತೆಯಿಂದ ಹೋಗಿ. ಮನೆಯವರು ಹೆದರಿ ತಡೆದರೆ ನನ್ನಂಥ ಹಿರಿಯರನ್ನು ಕರೆಯಿರಿ, ನಿಮ್ಮ ಪರವಾಗಿ ಬಂದು ಮಾತಾಡುತ್ತೇವೆ. ಆದರೆ ನಾವು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿರಲಿ: ನಿನಗೆ ಏನು ಕೆಲಸ ಬರುತ್ತದೆ, ಅದನ್ನು ಅಲ್ಲಿ ಯಾರಿಗೆ ಕಲಿಸಿ ಬರುತ್ತೀ?