ಗಣಕಯಂತ್ರದ ಮುಂದಿನ ಯುಎಸ್‌ಬಿ ಕಿಂಡಿ ಕೆಟ್ಟರೆ



ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸಿದ ಗಣಕಯಂತ್ರಗಳು ಈಗ ನಮ್ಮಲ್ಲಿ ಹಲವರ ಮನೆಗಳಲ್ಲಿವೆ. ಅವುಗಳಲ್ಲಿ ಆಗಾಗ ಕಾಣುವ ತೊಂದರೆಯೆಂದರೆ, ಮುಂಭಾಗದ ಯುಎಸ್‌ಬಿ ಕಿಂಡಿಗೆ ಹಾಕಿದ ಪೆನ್‌ಡ್ರೈವ್ ತೆರೆಯದಿರುವುದು. ಕೂಡಲೇ ಮದರ್‌ಬೋರ್ಡೇ ಕೆಟ್ಟಿತೆಂದು ಬಗೆದು ಸಾವಿರಾರು ರೂಪಾಯಿ ವ್ಯಯಿಸುವವರುಂಟು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಇದು! ಸಂಧಿಯನ್ನು ಬಿಡಿಸುವಾಗ ನಾವು ಪೂರ್ವಪದ ಯಾವುದು, ಉತ್ತರಪದ ಯಾವುದು ಎಂದು ಬೇರ್ಪಡಿಸಿ ನೋಡುತ್ತೇವಲ್ಲವೇ? ಇಲ್ಲಿಯೂ ಅದೇ ಕ್ರಮ.

ಯುಎಸ್‌ಬಿ ವ್ಯವಸ್ಥೆ ಹೊರಬಂದುದು ೧೯೯೬ರಲ್ಲಿ. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಇಂಟೆಲ್ ಸಂಸ್ಥೆಯ ಅಜಯ್ ಭಟ್ಟರು ಬರೋಡದಲ್ಲಿ ಓದಿದವರು. ಹಿಂಭಾಗದ ಕಿಂಡಿಗಳು ಮದರ್‌ಬೋರ್ಡಿಗೇ ಬೆಸೆದಿರುತ್ತವೆ. ಮುಂಭಾಗದವಾದರೋ ಕ್ಯಾಬಿನೆಟ್ಟಿಗೆ ಸೇರಿದವು; ಒಂದು ಕೇಬಲ್ ಮಾತ್ರ ಅವನ್ನು ಬೋರ್ಡಿಗೆ ಕೂಡಿಸುತ್ತದೆ. ದೋಷ ಹೆಚ್ಚಾಗಿ ಅಡಗಿರುವುದು ಈ ಕೂಡುವ ಜಾಗದಲ್ಲೇ.

ಮೊದಲನೆಯದಾಗಿ, ಅದೇ ಪೆನ್‌ಡ್ರೈವನ್ನು ಹಿಂದಿನ ಕಿಂಡಿಗೆ ಹಾಕಿ ನೋಡಬೇಕು. ಅಲ್ಲಿಯೂ ತೆರೆಯದಿದ್ದರೆ ದೋಷ ಪೆನ್‌ಡ್ರೈವಿನದೇ ಇರಬಹುದು. ಅಲ್ಲಿ ತೆರೆದರೆ ಮುಂಭಾಗವನ್ನೇ ಶೋಧಿಸಬೇಕು. ಟಾರ್ಚ್ ಬೆಳಕಿನಲ್ಲಿ ಕಿಂಡಿಯೊಳಗೆ ಧೂಳು, ತುಕ್ಕು, ಬಾಗಿದ ಪಟ್ಟಿ ಇದೆಯೇ ನೋಡಿರಿ. ಮೌಸ್ ನಡೆದು ಹಾರ್ಡ್ ಡಿಸ್ಕ್ ಮಾತ್ರ ನಡೆಯದಿದ್ದರೆ, ವಿದ್ಯುತ್ತು ಸಾಲದೆಂದೋ ಕೇಬಲ್ ಕಳಪೆಯೆಂದೋ ಊಹಿಸಬಹುದು.

ಎರಡನೆಯದಾಗಿ, ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಕಿತ್ತು, ಹಿರಿಯರ ಎದುರಿನಲ್ಲೇ ಕ್ಯಾಬಿನೆಟ್ ತೆರೆಯಬೇಕು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು ಕೆಲಸಕ್ಕೆ ತೊಡಗಿರಿ. ಯುಎಸ್‌ಬಿ ೨.೦ ಕೇಬಲ್ ಕೂಡುವಲ್ಲಿ ಎರಡು ಸಾಲುಗಳಲ್ಲಿ ೯ ಪಿನ್ನುಗಳಿರುತ್ತವೆ, ೩.೦ ಆದರೆ ೧೯. ಕೇಬಲ್ ಸಡಿಲವಾಗಿದ್ದರೆ ನೇರವಾಗಿ ಒತ್ತಿರಿ. ಪಿನ್ನು ಬಾಗಿದ್ದರೆ ಮೆಲ್ಲನೆ ನೆಟ್ಟಗೆ ಮಾಡಿರಿ.

ಕೆಲವು ಹಳೆಯ ಕ್ಯಾಬಿನೆಟ್ಟುಗಳಲ್ಲಿ ತಂತಿಗಳು ಬಿಡಿಬಿಡಿಯಾಗಿರುತ್ತವೆ. ವಾಡಿಕೆಯಂತೆ ಕೆಂಪು ೫ ವೋಲ್ಟ್, ಬಿಳಿ ಮತ್ತು ಹಸಿರು ಮಾಹಿತಿಯವು, ಕಪ್ಪು ನೆಲದ ತಂತಿ. ಆದರೆ ಬಣ್ಣವನ್ನಷ್ಟೇ ನಂಬದೆ ಬೋರ್ಡಿನ ಕೈಪಿಡಿಯೊಡನೆ ಹೋಲಿಸಬೇಕು. ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಯಾರೋ ಕೆಂಪು ಕಪ್ಪು ತಂತಿಗಳನ್ನು ಅದಲುಬದಲಾಗಿ ಜೋಡಿಸಿದ್ದರಿಂದ, ಅವನು ಒಂದು ತಿಂಗಳು ಕುಳಿತು ಸಿದ್ಧಪಡಿಸಿದ ಯೋಜನಾ ವರದಿಯಿದ್ದ ಪೆನ್‌ಡ್ರೈವ್ ಕ್ಷಣದಲ್ಲಿ ಸುಟ್ಟುಹೋಯಿತು. ಆದುದರಿಂದ ದುರಸ್ತಿಯಾದ ಕಿಂಡಿಯನ್ನು ಮೊದಲು ಹಳೆಯ ಮೌಸಿನಿಂದಲೇ ಪರೀಕ್ಷಿಸಬೇಕು. ಹಳೆಯ ಬೋರ್ಡುಗಳಲ್ಲಿ ‘೧೩೯೪’ ಎಂಬ, ಇದೇ ಆಕಾರದ ಇನ್ನೊಂದು ಜಾಗವೂ ಇರುವುದುಂಟು. ಅದರಲ್ಲಿ ೧೨ ವೋಲ್ಟ್ ಹರಿಯುವುದರಿಂದ ಯುಎಸ್‌ಬಿ ಕೇಬಲನ್ನು ಅಲ್ಲಿಗೆ ಚುಚ್ಚಲೇಬಾರದು.

ಮೂರನೆಯದಾಗಿ, ಬಯಾಸ್ ವ್ಯವಸ್ಥೆಯಲ್ಲಿ ಮುಂಭಾಗದ ಯುಎಸ್‌ಬಿಯನ್ನು ನಿಲ್ಲಿಸಲಾಗಿದೆಯೇ ಎಂದು ನೋಡಬೇಕು. ಎಲ್ಲವೂ ಸರಿಯಿದ್ದರೆ, ಯಂತ್ರವನ್ನು ಮತ್ತೆ ನಿಲ್ಲಿಸಿ, ಬೋರ್ಡಿನಲ್ಲಿರುವ ಇನ್ನೊಂದು ಯುಎಸ್‌ಬಿ ಜಾಗಕ್ಕೆ ಕೇಬಲನ್ನು ಬದಲಿಸಿರಿ. ಅಲ್ಲಿ ನಡೆದರೆ ಕೆಟ್ಟುದು ಮೊದಲಿನ ಜಾಗ. ನಡೆಯದಿದ್ದರೆ ಬಹುಮಟ್ಟಿಗೆ ಕೇಬಲ್ ಇಲ್ಲವೆ ಕಿಂಡಿಯೇ ಕೆಟ್ಟಿದೆ, ಬೋರ್ಡಲ್ಲ. ಮುಂಭಾಗದ ಈ ಬಿಡಿಭಾಗದ ಬೆಲೆ ಬೋರ್ಡಿನ ಬೆಲೆಗೆ ಹೋಲಿಸಿದರೆ ಅತ್ಯಲ್ಪ. ವಿದ್ಯುತ್ತು ಮಿತಿಮೀರಿದೆಯೆಂದು ತೋರಿಸಿ ಯಂತ್ರ ತಾನಾಗಿ ನಿಂತುಹೋಗುತ್ತಿದ್ದರೆ, ಮುಂದಿನ ಕೇಬಲನ್ನು ಕಳಚಿ ನೋಡಿರಿ. ಆಗ ಸರಿಯಾಗಿ ನಡೆದರೆ ಕಳ್ಳ ಅಲ್ಲಿಯೇ ಸಿಕ್ಕಿಬಿದ್ದನೆಂದು ತಿಳಿಯಿರಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದುದನ್ನು ಬರೆದಿಡಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ. ಪೋಷಕರೂ ಮಕ್ಕಳೊಡನೆ ಕುಳಿತು ಈ ಕ್ರಮವನ್ನು ಅನುಸರಿಸಿದರೆ ಹಣ ಉಳಿಯುವುದಷ್ಟೇ ಅಲ್ಲ, ಕಾರಣವನ್ನು ಹುಡುಕಿ ತೀರ್ಮಾನಿಸುವ ಒಳ್ಳೆಯ ಅಭ್ಯಾಸವೂ ಮಕ್ಕಳಲ್ಲಿ ಬೆಳೆಯುವುದು.