ಕರು ಹಾಕಿದ ಹಸು ಮತ್ತೆ ಗಬ್ಬ ನಿಲ್ಲಲು

ಹಸುವಿನ ಗರ್ಭಾವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಕರು ಹಾಕಿದ 85 ದಿನಗಳೊಳಗೆ ಹಸು ಮತ್ತೆ ಗಬ್ಬ ಕಟ್ಟಬೇಕು. ಜನವರಿ 1ರಂದು ಈದ ಹಸುವಿಗೆ ಮಾರ್ಚ್ 27ರ ಹೊತ್ತಿಗೆ ಗಬ್ಬ ನಿಂತರೆ ಮುಂದಿನ ಜನವರಿಗೆ ಇನ್ನೊಂದು ಕರು. ಕಡೂರು ತಾಲ್ಲೂಕಿನ ಯಗಟಿಯಂಥ ಬಯಲುಸೀಮೆಯ ಊರುಗಳಲ್ಲಿ ಮಾರ್ಚ್ ಎಂದರೆ ಬಿಸಿಲು ಏರುವ, ಹಸಿಮೇವು ಮುಗಿಯುವ ಕಾಲ. ಹಾಗಾಗಿ ಗಬ್ಬ ನಿಲ್ಲಿಸುವ ತಯಾರಿ ಈದ ದಿನದಿಂದಲೇ ಶುರುವಾಗಬೇಕು.

ಮೊದಲ ಆರು ವಾರ

ಕರು ಹಾಕಿದ 12 ಗಂಟೆಯೊಳಗೆ ಕಸ (ಮಾಸು) ತಾನಾಗಿ ಬೀಳಬೇಕು. ಬೀಳದಿದ್ದರೆ ಕೈಹಾಕಿ ಎಳೆಯುವುದು, ಕಲ್ಲು ಕಟ್ಟುವುದು ಸಲ್ಲದು. ಗರ್ಭಕೋಶಕ್ಕೆ ಗಾಯವಾಗಿ ಕೀವಾಗುತ್ತದೆ. ಪಶುವೈದ್ಯರನ್ನು ಕರೆಸಬೇಕು. ಕಂದುರೋಗ (ಬ್ರುಸೆಲ್ಲಾ) ಮನುಷ್ಯರಿಗೂ ಹರಡುವುದರಿಂದ ಕಸವನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿಗಳಿಗೆ ಸಿಗದಂತೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು 30ರಿಂದ 45 ದಿನ ಬೇಕು. ಈ ನಡುವೆ ಬೆದೆ ಬಂದರೂ ಬೀಜ ಕೊಡಿಸದೆ ತಾರೀಖು ಮಾತ್ರ ಬರೆದಿಟ್ಟುಕೊಳ್ಳಬೇಕು. 50–60 ದಿನ ಕಳೆದ ಮೇಲೆ ಬರುವ ಬೆದೆಗೆ ಗರ್ಭಧಾರಣೆ ಮಾಡಿಸುವುದು ಸೂಕ್ತ. ಮೂರು ವಾರ ದಾಟಿದರೂ ಬಿಳಿ ಅಥವಾ ದುರ್ವಾಸನೆಯ ಸ್ರಾವ ಬೀಳುತ್ತಿದ್ದರೆ ಮೊದಲು ಚಿಕಿತ್ಸೆ ಆಗಬೇಕು.

ಮೇವು ಮತ್ತು ಮೈ

ಹಾಲು ಆರರಿಂದ ಎಂಟನೇ ವಾರದಲ್ಲಿ ಗರಿಷ್ಠಕ್ಕೆ ಏರುತ್ತದೆ. ಮೇವು ತಿನ್ನುವ ಶಕ್ತಿ ಅದಕ್ಕಿಂತ ತಡವಾಗಿ ಏರುತ್ತದೆ. ಈ ಅಂತರವನ್ನು ಹಸು ತನ್ನ ಮೈಕೊಬ್ಬು ಕರಗಿಸಿ ತುಂಬುತ್ತದೆ. ಕೊರತೆ ಹೆಚ್ಚಾದರೆ ಅಂಡಾಶಯ ಕೆಲಸ ನಿಲ್ಲಿಸುತ್ತದೆ, ಬೆದೆಯೇ ಬರುವುದಿಲ್ಲ. ಎಚ್.ಎಫ್., ಜೆರ್ಸಿ ಮಿಶ್ರತಳಿಗಳಲ್ಲಿ ಇದು ಹೆಚ್ಚು.

ಈ ಭಾಗದ ಮುಖ್ಯ ಒಣಮೇವು ರಾಗಿ ಹುಲ್ಲು. ಅದರಲ್ಲಿ ಸುಣ್ಣದಂಶ ಉಂಟು, ರಂಜಕ ಕಡಿಮೆ; ಬರೀ ಹುಲ್ಲಿನ ಮೇಲೆ ಕರಾವು ಹಸು ನಿಲ್ಲದು. ಮೈಪೋಷಣೆಗೆ ಒಂದೂವರೆಯಿಂದ ಎರಡು ಕೆಜಿ ಹಿಂಡಿ ಮಿಶ್ರಣ, ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ, ಜೊತೆಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡಬೇಕು. ಕೊಳವೆಬಾವಿ ನೀರಿದ್ದವರು ತೋಟದ ಅಂಚಿನಲ್ಲಿ ನೇಪಿಯರ್ ಬೆಳೆಸಬಹುದು. ಹುರುಳಿ, ಅವರೆ ಹೊಟ್ಟನ್ನೂ ಬೇಸಿಗೆಗೆ ಕಾದಿಡಬೇಕು.

ಬೆದೆ ಗುರುತಿಸುವುದು

ಬೆದೆ 18ರಿಂದ 24 ದಿನಕ್ಕೊಮ್ಮೆ ಬಂದು 12–18 ಗಂಟೆ ಇರುತ್ತದೆ. ಹಸು ಕೂಗುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ಪದೇಪದೇ ಗಂಜಲ ಹಾಕುತ್ತದೆ. ನಿರಿ ಊದಿ ಕೆಂಪಾಗಿ, ಗಾಜಿನಷ್ಟು ತಿಳಿಯಾದ ಲೋಳೆ ದಾರದಂತೆ ಜೋತುಬಿದ್ದು ಬಾಲಕ್ಕೆ ಅಂಟುತ್ತದೆ. ಬೇರೆ ಹಸು ಮೇಲೇರಿದಾಗ ಕದಲದೆ ನಿಲ್ಲುವುದು ಖಚಿತ ಗುರುತು. ಕಟ್ಟಿಹಾಕಿದ ಕೊಟ್ಟಿಗೆಯಲ್ಲಿ ಇದು ಕಾಣದು. ಬೆಳಗ್ಗೆ, ಸಂಜೆ ಅರ್ಧ ಗಂಟೆ ಬಿಚ್ಚಿಬಿಡಬೇಕು. ಬೇಸಿಗೆಯಲ್ಲಿ ಬೆದೆ ಮಂಕಾಗಿ, ಹೆಚ್ಚಾಗಿ ರಾತ್ರಿಯೇ ಕಾಣಿಸಿಕೊಳ್ಳುವುದರಿಂದ ಮಲಗುವ ಮುನ್ನ ಮತ್ತು ನಸುಕಿನಲ್ಲಿ ಕೊಟ್ಟಿಗೆ ನೋಡುವುದು ರೂಢಿಯಾಗಬೇಕು. ನೆರಳು, ತಣ್ಣೀರು, ಮೈಮೇಲೆ ನೀರು ಚಿಮುಕಿಸುವುದೂ ಗಬ್ಬ ನಿಲ್ಲಲು ನೆರವಾಗುತ್ತವೆ. ಬಾಲದಲ್ಲಿ ರಕ್ತದ ಕಲೆ ಕಂಡರೆ ಬೆದೆ ಒಂದೆರಡು ದಿನದ ಹಿಂದೆಯೇ ಮುಗಿದಿದೆ ಎಂದರ್ಥ. ಅಲ್ಲಿಂದ 16ನೇ ದಿನದ ಹೊತ್ತಿಗೆ ಮತ್ತೆ ಕಾಯಲು ತೊಡಗಬೇಕು.

ಅಜ್ಜಂಪುರ ಕೇಂದ್ರವಾಗಿರುವ ಅಮೃತಮಹಲ್ ತಳಿಯ ಲೆಕ್ಕ ಬೇರೆ. ಕಾವಲಿನಲ್ಲಿ ಹಿಂಡಾಗಿ ಮೇಯುವ ಈ ದನಗಳಲ್ಲಿ ಬೆದೆ ಹುಡುಕುವುದು ಹೋರಿಯ ಕೆಲಸ. ಕರು ಬಹುಕಾಲ ಹಾಲುಣ್ಣುವುದರಿಂದ ಬೆದೆ ತಡವಾಗುತ್ತದೆ. ಎರಡು ಕರುಗಳ ನಡುವೆ ಒಂದೂವರೆ ವರ್ಷ ಕಳೆಯುವುದು ಸಾಮಾನ್ಯ. ಮಿಶ್ರತಳಿಯ ಅಳತೆಗೋಲು ಇವಕ್ಕೆ ಹೊಂದದು.

ಬೀಜ ಕೊಡಿಸುವ ಹೊತ್ತು

ಬೆದೆ ಮುಗಿದ 10–14 ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ. ಆದ್ದರಿಂದ ಬೆಳಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ದ್ರವ ಸಾರಜನಕದಲ್ಲಿಟ್ಟ ವೀರ್ಯದ ಕಡ್ಡಿಯನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡು ಕರಗಿಸಿ ಕೂಡಲೇ ಬಳಸಬೇಕು. ಹಸುವನ್ನು ಬಿಸಿಲಲ್ಲಿ ದೂರ ನಡೆಸಿಕೊಂಡು ಹೋಗಿ ದಣಿಸಬಾರದು.

ಬೀಜ ಕೊಟ್ಟ 21ನೇ ದಿನದ ಆಸುಪಾಸು ಬೆದೆ ಮರಳಿತೇ ಎಂದು ನೋಡಬೇಕು. ಮರಳದಿದ್ದರೂ ಗಬ್ಬವೆಂದು ನಂಬಿ ಕೂರದೆ, 60–90 ದಿನಗಳೊಳಗೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮೂರು ಬಾರಿ ಕೊಟ್ಟರೂ ನಿಲ್ಲದ ಹಸುವಿಗೆ ನಾಲ್ಕನೆಯದನ್ನು ಕೊಡಿಸುವ ಮುನ್ನ ಸೋಂಕು, ಅಂಡಾಶಯದ ದೋಷ, ಪೋಷಣೆಯ ಕೊರತೆಗಳ ತಪಾಸಣೆ ಅಗತ್ಯ. ಗಬ್ಬ ಖಚಿತವಾದ ಹಸುವಿನ ಹಾಲನ್ನು ಈಯುವ 60 ದಿನ ಮೊದಲು ಬತ್ತಿಸಬೇಕು. ಆಗ ತುಂಬಿಕೊಂಡ ಮೈಯೇ ಮುಂದಿನ ಸಲದ ಬೆದೆಗೆ ಬಂಡವಾಳ.