ಕ್ಯಾಮೆರಾ ಯಾರ ಮೇಜಿನ ಕಡೆ ತಿರುಗಿದೆ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ ಮುಗಿಸಿ ಶಾಲೆ ಬಿಟ್ಟಳು. ಈಗ ಮನೆಯಲ್ಲೇ ಓದಿಕೊಂಡು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆಗೆ ಕೂರುವ ತಯಾರಿಯಲ್ಲಿದ್ದಾಳೆ. ವಿಜ್ಞಾನವೆಂದರೆ ಇಷ್ಟ, ಆದರೆ ಮನೆಯಲ್ಲಿ ಲ್ಯಾಬ್ ಎಲ್ಲಿಂದ ತರುವುದು? ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್ ವಿಜ್ಞಾನ ಕಾರ್ಯಾಗಾರ ಎಂಬ ಜಾಹೀರಾತುಗಳು ವಾಟ್ಸಾಪ್‌ಗೆ ಬರುತ್ತಲೇ ಇರುತ್ತವೆ. ಇವುಗಳಿಂದ ನಿಜಕ್ಕೂ ಪ್ರಯೋಜನ ಉಂಟೆ? ಆರಿಸುವುದು ಹೇಗೆ? ಕನ್ನಡದಲ್ಲಿ ಏನಾದರೂ ಸಿಗುತ್ತದೆಯೇ?
— ಓದುಗರೊಬ್ಬರು, ಜೆ.ಪಿ. ನಗರ, ಬೆಂಗಳೂರು

ಪ್ರಯೋಜನ ಉಂಟು. ಆದರೆ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಿರುತ್ತಾರಲ್ಲ, ಪ್ರಮಾಣಪತ್ರ, ರೋಬಾಟು, ಭವಿಷ್ಯದ ವಿಜ್ಞಾನಿ, ಅದರಿಂದಲ್ಲ. ದುಡ್ಡು ಕಟ್ಟುವ ಮುಂಚೆ ಫೋನು ಮಾಡಿ ಒಂದೇ ಮಾತು ಕೇಳಿ: ಕಾರ್ಯಾಗಾರ ನಡೆಯುವಾಗ ಕ್ಯಾಮೆರಾ ಯಾರ ಮೇಜಿನ ಕಡೆ ತಿರುಗಿರುತ್ತದೆ? ಪೂರ್ತಿ ಹೊತ್ತು ಮೇಷ್ಟ್ರ ಮುಖವೇ ಕಾಣುವುದಾದರೆ ಅದು ಉಪನ್ಯಾಸ. ಉಪನ್ಯಾಸ ಕೇಳುವುದು ತಪ್ಪೇನಲ್ಲ, ಆದರೆ ಅದಕ್ಕೆ ಕಾರ್ಯಾಗಾರದ ಶುಲ್ಕ ಯಾಕೆ ಕೊಡಬೇಕು? ಒಳ್ಳೆಯ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಬಿದ್ದಿವೆ. ಮಕ್ಕಳ ಕೈ ಕಾಣುವ ಹಾಗೆ ಅವರ ಫೋನನ್ನು ಅವರ ಮೇಜಿನ ಕಡೆಗೇ ತಿರುಗಿಸಿ ಇಡಲು ಹೇಳುವ, "ನಿನ್ನ ತಂತಿ ಅಲ್ಲಿ ಸಡಿಲ ಇದೆ ನೋಡು" ಎಂದು ಹೆಸರು ಹಿಡಿದು ಕರೆಯುವ ಮೇಷ್ಟ್ರು ಸಿಕ್ಕರೆ ಬಿಡಬೇಡಿ. ಇನ್ನೂರು ಮಕ್ಕಳ ಗುಂಪಿನಲ್ಲಿ ಇದು ಆಗದ ಮಾತು. ಹದಿನೈದು ಇಪ್ಪತ್ತು ಮಕ್ಕಳಿದ್ದರೆ ಆದೀತು.

2020ರಲ್ಲಿ ಶಾಲೆಗಳು ಮುಚ್ಚಿದಾಗ ಇದರ ಪಾಠ ಇಡೀ ರಾಜ್ಯಕ್ಕೆ ಆಯಿತು. ಸಣ್ಣ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಆದೇಶ ಹೊರಡಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅದೇ ತಿಂಗಳು ಹೈಸ್ಕೂಲ್ ಮಕ್ಕಳಿಗಾಗಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು. ಪಾಠ ಮನೆಮನೆಗೆ ಬಂತು, ಪ್ರಯೋಗ ಬರಲಿಲ್ಲ. ಟಿವಿಯೊಳಗಿನ ಪರೀಕ್ಷಾನಳಿಕೆಯಲ್ಲಿ ಬಣ್ಣ ಬದಲಾದದ್ದನ್ನು ಮಕ್ಕಳು ನೋಡಿದರು, ಅಷ್ಟೆ.

ಹಾಗಾದರೆ ಪರದೆಯ ಮೂಲಕ ಮಾಡಬಹುದಾದ ನಿಜವಾದ ಕಾರ್ಯಾಗಾರ ಯಾವುದು? ಶಾಲೆಯ ಲ್ಯಾಬಿನಲ್ಲಿ ಮಾಡಲಾಗದ್ದನ್ನು ಮಾಡಿಸುವಂಥದ್ದು. ಒಂದು ಕೋಣೆಯಲ್ಲಿ ನಲವತ್ತು ಮಕ್ಕಳಿದ್ದರೂ ಅವರೆಲ್ಲ ಇರುವುದು ಒಂದೇ ಊರಿನಲ್ಲಿ. ಆನ್‌ಲೈನ್ ಗುಂಪಿನಲ್ಲಿ ಒಬ್ಬಳು ಜೆ.ಪಿ. ನಗರದಲ್ಲಿ, ಒಬ್ಬ ಕಲಬುರಗಿಯಲ್ಲಿ, ಇನ್ನೊಬ್ಬಳು ಮಂಗಳೂರಿನಲ್ಲಿ. ಈ ದೂರವನ್ನು ಕೊರತೆ ಎಂದು ಭಾವಿಸದೆ ಉಪಕರಣವಾಗಿ ಬಳಸುವ ಕಾರ್ಯಾಗಾರಕ್ಕೆ ನನ್ನ ಮೊದಲ ಓಟು.

ಉದಾಹರಣೆಗೆ ನೆರಳಿನ ಪ್ರಯೋಗ. ಬೇಕಾದದ್ದು ಒಂದು ಮೀಟರ್ ಉದ್ದದ ಕೋಲು, ತುದಿಗೆ ನಟ್ಟು ಕಟ್ಟಿದ ದಾರ, ಸೀಮೆಸುಣ್ಣ, ಟೇಪು, ಮತ್ತು ಸಮತಟ್ಟಾದ ತಾರಸಿ. ದಾರ ಇಳಿಬಿಟ್ಟು ಕೋಲು ನೆಟ್ಟಗೆ ನಿಂತಿದೆಯೇ ನೋಡಿಕೊಳ್ಳಬೇಕು. ಅರ್ಧ ತಪ್ಪು ಇಲ್ಲೇ ಆಗುವುದು. ಮಧ್ಯಾಹ್ನ 12ರಿಂದ 12-45ರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಬೇಕು. ನೆರಳು ಕುಗ್ಗುತ್ತಾ ಬಂದು ಮತ್ತೆ ಬೆಳೆಯತೊಡಗುತ್ತದೆ. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಹೊತ್ತೇ ಆ ಊರಿನ ನಿಜವಾದ ನಡುಹಗಲು. ಬೆಂಗಳೂರಿನಲ್ಲಿ ಅದು ಗಡಿಯಾರದ ಹನ್ನೆರಡಕ್ಕೆ ಬರುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 77.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು ಇಪ್ಪತ್ತು ನಿಮಿಷ ತಡ. ಋತುವಿಗೆ ತಕ್ಕಂತೆ ಅದೂ ಆಚೀಚೆ ಸರಿಯುತ್ತದೆ: ಮಾರ್ಚ್ 21ರ ಸುಮಾರಿಗೆ 12-27, ಸೆಪ್ಟೆಂಬರ್ 23ರ ಸುಮಾರಿಗೆ 12-12. ಆ ಗಿಡ್ಡ ನೆರಳು ತೋರಿಸುವುದೇ ನಿಜವಾದ ಉತ್ತರ-ದಕ್ಷಿಣ. ಬಿಲ್ಡರ್ ಹೇಳಿದ ಪೂರ್ವದ ಬಾಗಿಲು ಎಷ್ಟು ಪೂರ್ವಕ್ಕಿದೆ ಎಂಬುದೂ ಅಂದೇ ಗೊತ್ತಾಗಿಬಿಡುತ್ತದೆ. ಅತ್ತೆಯವರಿಗೆ ವಾಸ್ತುವಿನಲ್ಲಿ ನಂಬಿಕೆಯಿದ್ದರೆ ಈ ಫಲಿತಾಂಶವನ್ನು ಊಟದ ಹೊತ್ತಿನಲ್ಲಿ ಪ್ರಕಟಿಸದಿರುವುದು ಕ್ಷೇಮ.

ಹಗಲು-ರಾತ್ರಿ ಸಮವಿರುವ ದಿನ ಬೆಂಗಳೂರಿನಲ್ಲಿ ಒಂದು ಮೀಟರ್ ಕೋಲಿನ ಗಿಡ್ಡ ನೆರಳು ಸುಮಾರು 23 ಸೆಂ.ಮೀ. ಅದೇ ದಿನ ಕಲಬುರಗಿಯಲ್ಲಿ 31 ಸೆಂ.ಮೀ. ಕೋಲು ಅದೇ, ಸೂರ್ಯ ಅವನೇ. ಎಂಟು ಸೆಂಟಿಮೀಟರ್ ವ್ಯತ್ಯಾಸ ಎಲ್ಲಿಂದ ಬಂತು? ನೆಲ ಬಾಗಿದೆ, ಅದಕ್ಕೆ. ಎರಡೂ ನೆರಳುಗಳನ್ನು ಅಳತೆಗೆ ತಕ್ಕಂತೆ ಕಾಗದದ ಮೇಲೆ ಬರೆದು ಕೋನಮಾಪಕ ಇಟ್ಟರೆ ಒಂದರಲ್ಲಿ ಸುಮಾರು 13 ಡಿಗ್ರಿ, ಇನ್ನೊಂದರಲ್ಲಿ 17ಕ್ಕಿಂತ ತುಸು ಹೆಚ್ಚು. ನಡುವಿನ ಅಂತರ 4.3 ಡಿಗ್ರಿ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿರುವುದು ನಮ್ಮ ಪುಣ್ಯ. ಉತ್ತರ-ದಕ್ಷಿಣವಾಗಿ ಅವುಗಳ ದೂರ ಸುಮಾರು 485 ಕಿ.ಮೀ. ಇಷ್ಟು ಡಿಗ್ರಿಗೆ ಇಷ್ಟು ಕಿಲೋಮೀಟರ್ ಆದರೆ 360 ಡಿಗ್ರಿಗೆ ಎಷ್ಟು? ತ್ರೈರಾಶಿ ಲೆಕ್ಕ. ಭೂಮಿಯ ಸುತ್ತಳತೆ 40 ಸಾವಿರ ಕಿ.ಮೀ. ಆಸುಪಾಸಿಗೆ ಬಂದು ನಿಲ್ಲುತ್ತದೆ. ಕ್ರಿ.ಪೂ. ಮೂರನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದ್ದು ಇದನ್ನೇ. ಈಜಿಪ್ಟಿನ ದಕ್ಷಿಣದ ಸಯೀನ್ ಊರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆಂಬುದನ್ನು ಅವನು ಕೇಳಿ ತಿಳಿದಿದ್ದ. ನಿಮ್ಮ ಮಗಳು ಕಲಬುರಗಿಯ ಹುಡುಗನ ಟೇಪನ್ನು ಕಣ್ಣಾರೆ ನೋಡಿ, "ಬುಡದಿಂದ ಅಳೆದೆಯಾ, ಇಲ್ಲ ಕೋಲಿನ ಅಂಚಿನಿಂದಲಾ?" ಎಂದು ಜಗಳ ತೆಗೆಯಬಹುದು.

ಆ ಜಗಳವೇ ಮುಖ್ಯ. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ನೆರಳಿನ ತುದಿ ಒಂದು ಸೆಂಟಿಮೀಟರ್‌ನಷ್ಟು ಮಸುಕಾಗಿರುತ್ತದೆ. ಅದರಲ್ಲಿ ಎಲ್ಲಿ ಗೀಟು ಎಳೆಯುವುದು? ಅರ್ಧ ಸೆಂ.ಮೀ. ಆಚೀಚೆಯಾದರೆ ಭೂಮಿಯ ಸುತ್ತಳತೆ ಎರಡು ಸಾವಿರ ಕಿಲೋಮೀಟರಿಗೂ ಮೀರಿ ಹಿಗ್ಗುತ್ತದೆ, ಇಲ್ಲವೇ ಕುಗ್ಗುತ್ತದೆ. ಪುಸ್ತಕದಲ್ಲಿರುವ ಸಂಖ್ಯೆ ಬರಲಿಲ್ಲವೆಂದು ಅಳತೆಯನ್ನು ತಿದ್ದಿ ಬರೆಯುವುದು ಶಾಲೆಯ ಲ್ಯಾಬ್ ರೆಕಾರ್ಡಿನ ಹಳೆಯ ಚಾಳಿ. ಮನೆಯಲ್ಲಿ ಮಾಡುವ ಈ ಪ್ರಯೋಗಕ್ಕೆ ಮಾರ್ಕಿನ ಹಂಗಿಲ್ಲ. ಬಂದದ್ದನ್ನು ಬಂದ ಹಾಗೆ ಬರೆದು, ಯಾಕೆ ಹೀಗೆ ಬಂತು ಎಂದು ಎರಡು ದಿನ ತಲೆ ಕೆಡಿಸಿಕೊಳ್ಳಬಹುದು. ಅಷ್ಟು ಸಮಯ ಕೊಡುವ ಕಾರ್ಯಾಗಾರ ಆರಿಸಿ. ಒಂದೂವರೆ ಗಂಟೆಯಲ್ಲಿ ಐದು ಪ್ರಯೋಗ ಮುಗಿಸುತ್ತೇವೆ ಎನ್ನುವವರಿಂದ ದೂರ ಇರಿ.

ಅಂದಹಾಗೆ, ಬೆಂಗಳೂರಿನಲ್ಲಿ ನೆರಳೇ ಇಲ್ಲದ ದಿನವೂ ವರ್ಷಕ್ಕೆ ಎರಡು ಸಲ ಬರುತ್ತದೆ, ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಸುಮಾರಿಗೆ. ಆಗಸ್ಟಿನಲ್ಲಿ ಮೋಡದ ಕಾಟ. ಏಪ್ರಿಲನ್ನೇ ನಂಬಿಕೊಳ್ಳಿ.

ಮಂಗಳೂರಿನ ಹುಡುಗಿಯ ಜೊತೆ ನೀರು ಕುದಿಸಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಸೆಲ್ಸಿಯಸ್ ಹತ್ತಿರ, ಅಲ್ಲಿ ನೂರಕ್ಕೆ. ಮೊದಲು ಇಬ್ಬರೂ ತಮ್ಮ ಥರ್ಮಾಮೀಟರನ್ನು ಕರಗುತ್ತಿರುವ ಐಸಿನಲ್ಲಿಟ್ಟು ಸೊನ್ನೆ ತೋರಿಸುತ್ತದೆಯೇ ನೋಡಿಕೊಳ್ಳಬೇಕು. ಅಗ್ಗದ ಥರ್ಮಾಮೀಟರುಗಳು ಒಂದೆರಡು ಡಿಗ್ರಿ ಸುಳ್ಳು ಹೇಳುತ್ತವೆ, ನಮಗೆ ಬೇಕಾದ ವ್ಯತ್ಯಾಸವೇ ಮೂರು ಡಿಗ್ರಿ. ಲ್ಯಾಬಿನ ಥರ್ಮಾಮೀಟರನ್ನೇ ಬಳಸಿ. ಜ್ವರ ನೋಡುವ ಗಾಜಿನ ಥರ್ಮಾಮೀಟರ್ ಕುದಿಯುವ ನೀರಿನಲ್ಲಿ ಒಡೆದುಹೋಗುತ್ತದೆ.

ಕೆಲವು ಕಾರ್ಯಾಗಾರಗಳು ಕೈಗೆ ಏನನ್ನೂ ಕೊಡದೆ ಪೂರ್ತಿ ಸಿಮ್ಯುಲೇಷನ್ ಮೇಲೆ ನಡೆಯುತ್ತವೆ. ಸಿಮ್ಯುಲೇಷನ್ ಬಗ್ಗೆ ನನಗೆ ತಕರಾರಿಲ್ಲ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಫೆಟ್ ಸಿಮ್ಯುಲೇಷನ್‌ಗಳು ಉಚಿತ, ಸೊಗಸಾಗಿವೆ, ಕನ್ನಡಕ್ಕೂ ಬಂದಿವೆ. ಪರಮಾಣುವಿನ ಒಳಗನ್ನು, ಅನಿಲದ ಕಣಗಳ ಓಡಾಟವನ್ನು ತೋರಿಸಲು ಅದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲಿ ಇಲ್ಲ. ಆದರೆ ಟಾರ್ಚಿನ ಬಲ್ಬು, ಎರಡು ಸೆಲ್ಲು, ತಂತಿಯ ವಿಷಯಕ್ಕೆ ಪರದೆ ಯಾಕೆ? ಅವೆಲ್ಲ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತವೆ. ತಂತು ಇರುವ ಹಳೇ ಕಾಲದ ಬಲ್ಬನ್ನೇ ತನ್ನಿ, ಎಲ್‌ಇಡಿ ಬೇಡ. ತಣ್ಣಗಿರುವಾಗ ಆ ತಂತುವಿನ ರೋಧ, ಉರಿಯುವಾಗ ಇರುವುದರ ಹತ್ತನೇ ಒಂದು ಭಾಗದಷ್ಟೇ. ಹಾಗಾಗಿ ಮಲ್ಟಿಮೀಟರ್ ಹಿಡಿದು ಕೂತ ಮಗಳಿಗೆ ಪುಸ್ತಕದಲ್ಲಿರುವ ಓಮ್‌ನ ನೇರ ಗೆರೆ ಬರುವುದಿಲ್ಲ, ಬಾಗಿದ ಗೆರೆ ಬರುತ್ತದೆ. "ಅಮ್ಮ, ಓಮ್ ತಪ್ಪು" ಎಂದು ಅವಳು ಓಡಿ ಬಂದರೆ ಕಾರ್ಯಾಗಾರದ ದುಡ್ಡು ವಸೂಲಾಯಿತು ಎಂದುಕೊಳ್ಳಿ. ಸೆಲ್ಲಿಗಿಂತ ಮುಂದಕ್ಕೆ ಹೋಗುವುದು ಮಾತ್ರ ಬೇಡ, ಗೋಡೆಯ ಸಾಕೆಟ್ಟಿನ 230 ವೋಲ್ಟು ಯಾವ ಪ್ರಯೋಗಕ್ಕೂ ಅಲ್ಲ.

ರಸಾಯನಶಾಸ್ತ್ರಕ್ಕೆ ಅಡುಗೆಮನೆ ಮತ್ತು ಪೂಜೆಯ ತಟ್ಟೆ ಸಾಕು. ಅರಿಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಆರತಿ ನೀರು ಕಂಡ ಎಲ್ಲರಿಗೂ ಗೊತ್ತು. ಅದೇ ಪ್ರತ್ಯಾಮ್ಲದ ಸೂಚಕ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿಟ್ಟರೆ ಆಮ್ಲವನ್ನೂ ಗುರುತಿಸುತ್ತದೆ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಿಂದ ಪಟಿಕ ತಂದು ಹರಳು ಬೆಳೆಸಬಹುದು, ಅದಕ್ಕೆ ವಾರಗಟ್ಟಲೆ ಬೇಕು. ಆದರೆ ಬಚ್ಚಲಿನ ಸಾಮಾನಿನ ಮೇಲೆ ಕೈಹಾಕಲು ಯಾರು ಹೇಳಿದರೂ ಕೇಳಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್ಡಿಗೆ ಬ್ಲೀಚ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಜೀವಕ್ಕೇ ಎರವು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ದಕ್ಷಿಣ ಬೆಂಗಳೂರಿನಲ್ಲಿದ್ದುಕೊಂಡು ವಿಜ್ಞಾನವನ್ನೆಲ್ಲ ಪರದೆಯಲ್ಲೇ ನೋಡುವುದು ನಷ್ಟದ ಬಾಬತ್ತು. ಲಾಲ್‌ಬಾಗಿನ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ. ಭೂವೈಜ್ಞಾನಿಕ ಸಮೀಕ್ಷೆಯವರು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ಹಾಕಿದ್ದಾರೆ. ಶಿಲೆಗಳ ಬಗ್ಗೆ ಆನ್‌ಲೈನ್ ಪಾಠ ಕೇಳಿದ ಮಾರನೇ ಬೆಳಿಗ್ಗೆ ಮಗಳನ್ನು ಅದರ ಮೇಲೆ ಕೂರಿಸಿ, ಬಿಳಿ-ಕಪ್ಪು ಪಟ್ಟೆಗಳ ಚಿತ್ರ ಬರೆಯಲು ಹೇಳಿ. ನಿಮ್ಮದೇ ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ನಾಗರಿಕರು ಸೇರಿ ಉಳಿಸಿಕೊಂಡಿದ್ದಾರೆ, ಹಕ್ಕಿ ಎಣಿಸಲು ಅದಕ್ಕಿಂತ ಹತ್ತಿರದ ಜಾಗ ಬೇಕಿಲ್ಲ. ಜೆ.ಪಿ. ನಗರ ಮೆಟ್ರೋ ಹತ್ತಿದರೆ ಆರನೇ ನಿಲ್ದಾಣ ನ್ಯಾಷನಲ್ ಕಾಲೇಜು. ಭೌತಶಾಸ್ತ್ರದ ಮೇಷ್ಟ್ರಾಗಿದ್ದ ಎಚ್. ನರಸಿಂಹಯ್ಯನವರು 1962ರಲ್ಲಿ ಅಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ, ಬುಧವಾರದ ಉಪನ್ಯಾಸಗಳಿಗೂ ಜುಲೈ ತಿಂಗಳ ವಿಜ್ಞಾನೋತ್ಸವಕ್ಕೂ ಹೆಸರಾದದ್ದು. ಮುಂದಿನ ಸಾಲಿನಲ್ಲಿ ಕೂತು, ಉಪನ್ಯಾಸ ಮುಗಿದ ಮೇಲೆ ಕೈಯೆತ್ತಿ ಪ್ರಶ್ನೆ ಕೇಳುವ ಅಭ್ಯಾಸ ಮ್ಯೂಟ್ ಬಟನ್ನಿನಿಂದ ಬರುವುದಿಲ್ಲ.

ಕನ್ನಡದ ವಿಷಯ. ಹೈಸ್ಕೂಲ್ ಮಟ್ಟದ ಆನ್‌ಲೈನ್ ಕಾರ್ಯಾಗಾರಗಳು ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತವೆ. ಅದಕ್ಕೆ ಹೆದರಬೇಕಿಲ್ಲ, ಅಳತೆಪುಸ್ತಕವನ್ನು ಮಗಳು ಕನ್ನಡದಲ್ಲೇ ಬರೆಯಲಿ. ಜೊತೆಗೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆ ತರಿಸಿ. 1978ರಿಂದ ಬರುತ್ತಿರುವ ಪತ್ರಿಕೆ ಅದು, ಹಳೆಯ ಸಂಚಿಕೆಗಳಲ್ಲೂ ಮಾಡಿ ನೋಡುವಂಥ ಪ್ರಯೋಗಗಳು ಬೇಕಾದಷ್ಟಿವೆ. ಪರಿಷತ್ತಿನ ವಿಜ್ಞಾನ ಭವನ ಇರುವುದು ಬನಶಂಕರಿ 2ನೇ ಹಂತದಲ್ಲಿ, ನಿಮ್ಮ ಮನೆಗೆ ದೂರವೇನಲ್ಲ.

ಎನ್‌ಐಒಎಸ್ ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆ ಇದೆ, ಅದನ್ನು ಅಧ್ಯಯನ ಕೇಂದ್ರದಲ್ಲಿ ಸ್ವಂತ ಕೈಯಿಂದಲೇ ಮಾಡಬೇಕು. ಯಾವ ಆನ್‌ಲೈನ್ ಪ್ರಮಾಣಪತ್ರವೂ ಅದರ ಬದಲಿಗೆ ನಡೆಯುವುದಿಲ್ಲ. ಪ್ರವೇಶ ಪಡೆಯುವಾಗಲೇ ಕೇಂದ್ರದಲ್ಲಿ ಲ್ಯಾಬ್ ತರಗತಿ ಯಾವಾಗ, ಎಷ್ಟು ದಿನ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸ್ಪರ್ಧೆಗಳಲ್ಲಿ ಇನ್‌ಸ್ಪೈರ್ ಮಾನಕ್‌ಗೆ ಶಾಲೆಯೇ ಹೆಸರು ಕಳಿಸಬೇಕಾದ್ದರಿಂದ ಆ ಬಾಗಿಲು ನಿಮಗೆ ಕಷ್ಟ. ಆದರೆ 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ 10ರಿಂದ 17 ವರ್ಷದ, ಶಾಲೆಗೆ ಹೋಗದ ಮಕ್ಕಳಿಗೂ ಜಾಗವಿದೆ. ಕರ್ನಾಟಕದಲ್ಲಿ ಅದನ್ನು ನೋಡಿಕೊಳ್ಳುತ್ತ ಬಂದಿರುವುದು ಇದೇ ವಿಜ್ಞಾನ ಪರಿಷತ್ತು. 'ಬಾಲವಿಜ್ಞಾನ'ದ ಚಂದಾ ಕಟ್ಟಲು ಬನಶಂಕರಿಗೆ ಹೋದಾಗ ಈ ವರ್ಷದ ವಿಷಯ ಏನು, ಹೆಸರು ಕೊಡಲು ಕೊನೆಯ ದಿನ ಯಾವುದು ಎಂದು ಅಲ್ಲೇ ವಿಚಾರಿಸಿಕೊಂಡು ಬನ್ನಿ.